ಮೊದಲ ತುತ್ತಿನ ಮನೆಯ ಹುಲಿಗೆವ್ವ

ಬಹಳ ಕಾಲದ ಹಿಂದೆ, ಎಷ್ಟು ಹಿಂದೆ ಎಂದರೆ ನಿಮ್ಮ ಅಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಹುಟ್ಟಿರಲಿಲ್ಲ, ಆಗ ಕರಿಗಲ್ಲ ನಾಡು ಎಂಬ ಒಂದು ರಾಜ್ಯವಿತ್ತು. ಸುತ್ತ ಬಂಡೆ, ನಡುವೆ ಜೋಳದ ಹೊಲ, ಹೊಲದಾಚೆ ಕಳ್ಳಿಬನ, ಬನದಾಚೆ ಕುರುಚಲು ಕಾಡು, ಕಾಡಿನಾಚೆ ಒಂದು ದೊಡ್ಡ ಕೆರೆ. ಇಷ್ಟೇ ರಾಜ್ಯ. ಇಷ್ಟಕ್ಕೇ ಒಬ್ಬ ರಾಜ, ಅವನಿಗೊಂದು ಕಿರೀಟ. ಹೆಸರು ಜಯಮಲ್ಲ. ಒಂದು ಯುದ್ಧವನ್ನೂ ಕಾಣದವನಿಗೆ ಆ ಹೆಸರು ಯಾರಿಟ್ಟರೋ ಏನೋ, ನನಗೆ ಗೊತ್ತಿಲ್ಲ.

ಆ ನಾಡಿನಲ್ಲಿ ಒಂದು ಪದ್ಧತಿ ಇತ್ತು. ಅಡವಿಯಲ್ಲಿ ಯಾರಿಗಾದರೂ ಹೊಸ ಕಾಯಿ, ಹೊಸ ಸೊಪ್ಪು, ಹೊಸ ಗೆಡ್ಡೆ ಸಿಕ್ಕರೆ ಅದನ್ನು ಊರ ನಡುವಿನ ತುತ್ತಿನ ಕಟ್ಟೆಗೆ ತರಬೇಕು. ಬೆಳಗಾಗುತ್ತಲೇ ಒಂದು ಮನೆಯವರು ಮಾತ್ರ ಕಟ್ಟೆ ಹತ್ತಿ ಅದನ್ನು ತಿನ್ನಬೇಕು. ಉಳಿದ ಊರೆಲ್ಲ ದೂರ ನಿಂತು ನೋಡಬೇಕು. ಸಂಜೆ ಸೂರ್ಯ ಮುಳುಗುವಾಗ ತಿಂದವರು ತಮ್ಮ ಕಾಲ ಮೇಲೆ ಮನೆಗೆ ಹೋದರೆ ಅದು ಊಟ. ನಾಲ್ಕು ಜನರ ಹೆಗಲ ಮೇಲೆ ಹೋದರೆ ಅದು ವಿಷ. ಆ ಮನೆಗೆ ಮೊದಲ ತುತ್ತಿನ ಮನೆ ಎಂದೇ ಹೆಸರು.

ನುಗ್ಗೆಸೊಪ್ಪು ತಿನ್ನಬಹುದು ಎಂದು ಊರಿಗೆ ತೋರಿಸಿದವಳು ಆ ಮನೆಯ ಒಬ್ಬ ಮುತ್ತಜ್ಜಿ. ಹುಣಸೆ ಚಿಗುರಿನ ಸಾರು ಊರಿಗೆ ಸಿಕ್ಕಿದ್ದು ಆ ಮನೆಯ ಒಬ್ಬ ಅಜ್ಜನಿಂದ. ಅದೇ ಮನೆಯ ಒಬ್ಬ ಸೋದರಮಾವ ಯಾವುದೋ ಕಪ್ಪು ಹಣ್ಣು ತಿಂದು, ಮಧ್ಯಾಹ್ನದೊಳಗೆ ಮೈಯೆಲ್ಲ ನೀಲಿಯಾಗಿ ಸತ್ತ. ಊರವರು ಅವನ ಹೆಂಡತಿಗೆ ಒಂದು ಸೀರೆ ಕೊಟ್ಟು ಕೈತೊಳೆದುಕೊಂಡರು. ಪದ್ಧತಿ ಎಂದ ಮೇಲೆ ಯಾರೂ ಏನೂ ಕೇಳುವ ಹಾಗಿಲ್ಲವಲ್ಲ! ಹೇಳುವಾಗ ನನಗೇ ಸಿಟ್ಟು ಬರುತ್ತದೆ.

ಈ ಕತೆಯ ಕಾಲಕ್ಕೆ ಆ ಮನೆಯಲ್ಲಿ ಇದ್ದವರು ಇಬ್ಬರೇ. ತಾಯಿ ಗಾಳೆವ್ವ, ಮಗಳು ಹುಲಿಗೆವ್ವ. ತಾಯಿಗೆ ನಾಲಿಗೆ ಚುರುಕು, ಮಗಳಿಗೆ ಮೂಗಿನ ತುದಿಯಲ್ಲೇ ಕೋಪ.

ಒಂದು ವರ್ಷ ಮಿಡತೆಯ ದಂಡು ಬಂದು ಜೋಳವನ್ನೆಲ್ಲ ಬೋಳಿಸಿಬಿಟ್ಟಿತು. ಅದರ ಬೆನ್ನಿಗೇ ಬಂದ ಒಬ್ಬ ಮಾಂತ್ರಿಕ. ಹೆಸರು ಧವಳಾಂಗ. ಬಿಳಿ ಬಟ್ಟೆ, ಬಿಳಿ ಗಡ್ಡ, ಬಿಳಿ ಉಗುರು. ರಾಜ ಅವನನ್ನು ಅರಮನೆಯಲ್ಲೇ ಇರಿಸಿಕೊಂಡ. ಅವನು ಚಪ್ಪಾಳೆ ತಟ್ಟಿದರೆ ಗಾಳಿಯಿಂದ ಬಿಳಿ ಉಂಡೆ ಉದುರುತ್ತಿತ್ತು. ಆ ಉಂಡೆಗೆ ಉಪ್ಪಿಲ್ಲ, ಹುಳಿಯಿಲ್ಲ, ವಾಸನೆಯಿಲ್ಲ. ಹೊಟ್ಟೆ ತುಂಬುತ್ತಿತ್ತು, ಅಷ್ಟೇ. ಅರಮನೆಯಿಂದ ಬಂದ ಉಂಡೆಯಲ್ಲವೇ, ಅದನ್ನು ತುತ್ತಿನ ಕಟ್ಟೆಗೆ ತರಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಸಾಲು ನಿಂತು ಇಸಿದುಕೊಂಡರು. ಆಮೇಲೆ ಧವಳಾಂಗ ಹೇಳಿದ, "ನನ್ನ ಕೋಟೆಗೆ ಕಲ್ಲು ಹೊತ್ತವರಿಗೆ ಉಂಡೆ. ಹೊರದವರಿಗೆ ಹಸಿವು." ಜನ ಕಲ್ಲು ಹೊತ್ತರು. ಹೊತ್ತೇ ಹೊತ್ತರು.

ಗಾಳೆವ್ವ ಮಾತ್ರ ಹೊರಲಿಲ್ಲ. ಅಡವಿ ಸುತ್ತಿ ಮೂರು ಹೊಸ ತಿನಿಸು ತಂದಳು. ಪಾಪಸುಕಳ್ಳಿಯ ಹಣ್ಣು, ಕೆಂಪಿರುವೆಯ ಚಟ್ನಿ, ತಾವರೆಯ ಗೆಡ್ಡೆ. "ಇವು ಕೈಗೆಟುಕೋವಾಗ ಅವನ ಸಪ್ಪನ ಉಂಡೆಗೆ ಯಾಕ ಬೆನ್ನು ಮುರಕೋತೀರಿ?" ಎನ್ನುತ್ತಾ ಕಟ್ಟೆ ಹತ್ತಿ ತಿಂದಳು. ಊರು ದೂರ ನಿಂತು ನೋಡಿತು. ಅರಮನೆಯ ಉಪ್ಪರಿಗೆಯಲ್ಲಿ ನಿಂತ ಧವಳಾಂಗನ ತುಟಿ ಪಿಟಿಪಿಟಿ ಅಲುಗಿತು. ಗಾಳೆವ್ವನ ಪಾದ ಕಲ್ಲಾಯಿತು, ಮೊಣಕಾಲು ಕಲ್ಲಾಯಿತು, ಎತ್ತಿದ ಕೈ ಕಲ್ಲಾಯಿತು. ಸಂಜೆ ಆಗುವ ಮೊದಲೇ ಕಟ್ಟೆಯ ಮೇಲೆ ಒಂದು ಕಲ್ಲಿನ ಹೆಂಗಸು ಕೂತಿದ್ದಳು.

"ವಿಷ! ಅಡವಿಯ ತಿನಿಸೆಲ್ಲ ವಿಷ!" ಎಂದು ಊರು ಕೂಗಿತು. ಮೊದಲು ಕೂಗಿದವಳು ಪಕ್ಕದ ಮನೆಯ ಮುದುಕಿ, ಕುಂಬಾರಗಿತ್ತಿ ಯಮನವ್ವ. ರಾಜ ಡಂಗುರ ಸಾರಿಸಿದ, ಇನ್ನು ಉಂಡೆ ಬಿಟ್ಟು ಬೇರೇನನ್ನೂ ಯಾರೂ ಮುಟ್ಟಬಾರದು. ಮಕ್ಕಳು ಹುಣಸೆ ಚಿಗುರು ಕಿತ್ತರೂ ತಾಯಂದಿರು ಕಟ್ಟೆಯ ಕಡೆ ಬೆರಳು ತೋರಿಸಿ ಹೆದರಿಸತೊಡಗಿದರು.

ಹುಲಿಗೆವ್ವ ಅತ್ತಳು. ಅತ್ತು ಮುಗಿಸಿ ಅವ್ವನ ಕಲ್ಲಿನ ಕಾಲು ತೊಳೆದಳು. ದಿನಾ ತೊಳೆದಳು. ಹೀಗಿರುವಾಗ ಒಂದು ಬೆಳಿಗ್ಗೆ ಧವಳಾಂಗ ಕಟ್ಟೆಯ ಬಳಿ ಬಂದು ಗಾಳೆವ್ವನ ಬೆನ್ನಿಗೆ ಅಳತೆಯ ದಾರ ಹಿಡಿದ.

"ಏನ ಮಾಡಾಕತ್ತೀದಿ?" ಎಂದಳು ಹುಲಿಗೆವ್ವ.

"ನನ್ನ ಕೋಟೆಯ ಬಾಗಿಲಿಗೆ ಒಂದು ಹೊಸ್ತಿಲು ಬೇಕು. ಹುಣ್ಣಿಮೆಯ ದಿನ ಇವಳನ್ನು ಅಲ್ಲಿ ಮಲಗಿಸುತ್ತೇನೆ. ಬಂದವರೆಲ್ಲ ಇವಳನ್ನು ತುಳಿದೇ ಒಳಗೆ ಬರಬೇಕು."

"ನಮ್ಮವ್ವನ್ನ ಬಿಡು."

"ಬಿಡುತ್ತೇನಂತೆ, ಇವಳು ತಿಂದದ್ದನ್ನು ಇದೇ ಕಟ್ಟೆಯ ಮೇಲೆ ತಿಂದು ಬದುಕಿ ತೋರಿಸು." ಅವನು ನಕ್ಕ. "ಅದು ಸಿಗುವ ಮೂರು ಕಡೆಯೂ ನನ್ನ ಮೂರು ಮೃಗಗಳು ಕಾಯುತ್ತಿವೆ, ಮಗಳೇ."

"ನಾನು ನಿನ್ನ ಮಗಳಲ್ಲ," ಎಂದಳು ಹುಲಿಗೆವ್ವ. "ತರತೀನಿ. ನೋಡಕೋತ ಇರು."

ಬುಟ್ಟಿ ಎತ್ತಿಕೊಂಡು, ಸೊಂಟಕ್ಕೆ ಉಪ್ಪು-ಮೆಣಸಿನಕಾಯಿಯ ಗಂಟು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಊರಲ್ಲಿ ಒಬ್ಬರೂ ಜೊತೆಗೆ ಬರುತ್ತೇನೆ ಎನ್ನಲಿಲ್ಲ.

ಮೊದಲು ಸಿಕ್ಕಿದ್ದು ಕಳ್ಳಿಬನ. ಬನದ ಬಾಯಲ್ಲಿ ಎಮ್ಮೆಯಷ್ಟು ದೊಡ್ಡ ಮುಳ್ಳುಹಂದಿ ಕೂತಿತ್ತು. ಒಂದೊಂದು ಮುಳ್ಳೂ ಒಂದೊಂದು ಭರ್ಚಿ. "ಇನ್ನೊಂದು ಹೆಜ್ಜೆ ಇಟ್ಟರೆ ನಿನ್ನನ್ನು ಜರಡಿ ಮಾಡುತ್ತೇನೆ," ಎಂದಿತು ಅದು.

"ಮಾಡು," ಎಂದಳು ಹುಲಿಗೆವ್ವ. "ಅದಕ್ಕೂ ಮೊದಲ ನನಗ ಹಸಿವಾಗೈತಿ. ಉಂಡಮ್ಯಾಲ ಮಾಡು."

ಮುಳ್ಳುಹಂದಿ ಎತ್ತಿದ ಮುಳ್ಳನ್ನು ಹಾಗೇ ಎತ್ತಿಕೊಂಡು ಅವಳನ್ನೇ ನೋಡಿತು. ಹೆದರದವರನ್ನು ಅದು ಕಂಡೇ ಇರಲಿಲ್ಲ. ಹುಲಿಗೆವ್ವ ಕವೆಗೋಲಿನಿಂದ ಕಳ್ಳಿಯ ಹಣ್ಣು ಉದುರಿಸಿದಳು. ಒಣಹುಲ್ಲಿಗೆ ಬೆಂಕಿ ಹಚ್ಚಿ, ಹಣ್ಣನ್ನು ಅದರಲ್ಲಿ ಉರುಳಿಸಿ ಉರುಳಿಸಿ ಸಣ್ಣ ಮುಳ್ಳನ್ನೆಲ್ಲ ಸುಟ್ಟಳು. ಸಿಪ್ಪೆ ಸೀಳಿದಳು. ಒಳಗೆ ಕಡುಗೆಂಪು ತಿರುಳು. ಕಚ್ಚಿದ ಕೂಡಲೇ ರಸ ಗದ್ದದಿಂದ ಮೊಣಕೈವರೆಗೆ ಇಳಿಯಿತು.

"ಅಯ್ಯೋ! ರಕ್ತ!" ಎಂದು ಮುಳ್ಳುಹಂದಿ ಕಣ್ಣು ಮುಚ್ಚಿಕೊಂಡಿತು.

"ರಕ್ತ ಅಲ್ಲೋ ಹುಚ್ಚಪ್ಪಾ, ರಸ! ಬಾಯಿ ತಗಿ."

ಬಾಯಿ ತೆರೆಯಿತು. ಅವಳು ಒಂದು ಹಣ್ಣು ಹಾಕಿದಳು. ಮುಳ್ಳುಹಂದಿ ಅಗಿಯಿತು, ನಿಂತಿತು, ಮತ್ತೆ ಅಗಿಯಿತು. ಅದರ ಮುಳ್ಳೆಲ್ಲ ಒಂದೊಂದಾಗಿ ಮೈಗೆ ಒರಗಿದವು. "ಇಷ್ಟು ದಿನ ಇದರ ಮುಂದೆಯೇ ಕೂತು ಆ ಸುಣ್ಣದಂಥ ಉಂಡೆ ತಿಂದೆನಲ್ಲ," ಎಂದು ಗೊಳೋ ಎಂದು ಅತ್ತುಬಿಟ್ಟಿತು. ಅಳುತ್ತಲೇ ಇನ್ನೊಂದು ಹಣ್ಣು ಕೇಳಿತು. ಬುಟ್ಟಿ ಅರ್ಧ ತುಂಬಿದ ಮೇಲೆ ಹುಲಿಗೆವ್ವ ಮುಂದೆ ನಡೆದಳು. ಮುಳ್ಳುಹಂದಿ ಹಿಂದೆಯೇ ಬಂತು. ಯಾರೂ ಕರೆದಿರಲಿಲ್ಲ.

ಆಮೇಲೆ ಕುರುಚಲು ಕಾಡು. ಅಲ್ಲೊಂದು ಮರದಲ್ಲಿ ಎಲೆ ಹೊಲಿದು ಕಟ್ಟಿದ ಇರುವೆಗೂಡು ತೂಗುತ್ತಿತ್ತು. ಮರದ ಕೆಳಗೆ ಒಂದು ಕರಡಿ. ಸಾಮಾನ್ಯ ಕರಡಿಯಲ್ಲ ಮತ್ತೆ! ತಲೆಗೆ ಜರಿ ರುಮಾಲು, ಹೆಗಲಿಗೆ ರೇಷ್ಮೆ ಶಲ್ಯ, ಉಗುರಿಗೆ ಬೆಳ್ಳಿಯ ಕವಚ.

"ಛೀ ಛೀ," ಎಂದು ಕರಡಿ ಮೂಗು ಮುಚ್ಚಿಕೊಂಡಿತು. "ಇರುವೆ ತಿನ್ನಲು ಬಂದೆಯಾ? ಹುಳ ತಿನ್ನುವ ಜಾತಿಯವಳಾ ನೀನು? ನಾವು ಅರಮನೆಯವರು. ನಮ್ಮ ಊಟ ಬಿಳಿ. ನಮ್ಮ ಮನಸ್ಸೂ ಬಿಳಿ. ನಿನ್ನಂಥವರ ನೆರಳೂ ನಮಗೆ ಆಗದು."

ಭರ್ಚಿಯಂಥ ಮುಳ್ಳು ನೋಡಿದಾಗ ಬಾರದ ಸಿಟ್ಟು ಹುಲಿಗೆವ್ವನಿಗೆ ಈ ಮಾತಿಗೆ ಬಂತು. ಕಿವಿಯ ತುದಿಯೂ ಕೆಂಪಾಯಿತು. "ನಾ ಏನ ತಿಂತೀನಿ ಅನ್ನೋದರ ಮ್ಯಾಲ ನಾ ಯಾರು ಅಂತ ನೀ ಹೇಳತೀಯೇನು?" ಎಂದಳು. "ಹಂಗಾರ ಹೇಳು. ನಿಮ್ಮವ್ವ ನಿನಗ ಏನ ತಿನ್ನಿಸಿ ಬೆಳೆಸಿದಳು?"

ಕರಡಿ ಅತ್ತ ತಿರುಗಿತು. ರುಮಾಲು ಸರಿಪಡಿಸಿಕೊಂಡಿತು.

"ನಾಚಿಕಿ ಇದ್ದರ ಹೇಳು!"

"ಆ ಗೂಡಿನೊಳಗೆ ಕೈ ಇಟ್ಟು, ನಾನು ಸಾಕು ಎನ್ನುವವರೆಗೆ ತೆಗೆಯದೆ ನಿಂತರೆ ದಾರಿ ಬಿಡುತ್ತೇನೆ," ಎಂದಿತು ಕರಡಿ. ಮಾತು ತಪ್ಪಿಸುವ ದಾರಿ ಅದು. ದೊಡ್ಡವರೆಲ್ಲ ಮಾಡುವುದು ಅದನ್ನೇ.

ಹುಲಿಗೆವ್ವ ಗೂಡಿನೊಳಗೆ ಮೊಣಕೈವರೆಗೆ ಕೈ ಇಟ್ಟಳು. ಇರುವೆಗಳು ಸುಮ್ಮನೆ ಬಿಟ್ಟಾವೆಯೇ? ಬೆಂಕಿ ಸವರಿದ ಹಾಗೆ ಕಚ್ಚಿದವು. ಕಣ್ಣಲ್ಲಿ ನೀರು ತುಂಬಿತು. ಕೈ ಮಾತ್ರ ಅಲುಗಲಿಲ್ಲ, ಕಣ್ಣು ಕರಡಿಯ ಮುಖ ಬಿಡಲಿಲ್ಲ. ಕೊನೆಗೆ ನೋಡಲಾರದೆ ಕರಡಿಯೇ "ಸಾಕು, ಸಾಕು ತಾಯಿ!" ಎಂದು ಕೂಗಿತು.

ಅವಳು ಊದಿದ ಕೈಯಲ್ಲೇ ಇರುವೆಗಳನ್ನು ಹೆಂಚಿನ ಚೂರಿನ ಮೇಲೆ ಹುರಿದು, ಉಪ್ಪು-ಮೆಣಸಿನಕಾಯಿ ಹಾಕಿ ಬಂಡೆಯ ಮೇಲೆ ಅರೆದಳು. ಹುಳಿ ವಾಸನೆ ಕಾಡೆಲ್ಲ ಹಬ್ಬಿತು. ಕರಡಿಯ ಮೂಗಿನ ಮೇಲಿದ್ದ ಕೈ ತಾನಾಗಿ ಕೆಳಗಿಳಿಯಿತು. ಮುಳ್ಳುಹಂದಿ ಆಗಲೇ ಬೆರಳು ಚೀಪುತ್ತಿತ್ತು. ಕರಡಿ ನಾಲಿಗೆಯ ತುದಿಗೆ ಒಂಚೂರು ಇಟ್ಟುಕೊಂಡಿತು. ಹುಳಿ, ಖಾರ, ಆಮೇಲೆ ಕಿವಿಯ ಹಿಂದೆ ಜುಮ್ಮೆನ್ನುವ ಒಂದು ಚುರುಕು.

"ನಮ್ಮವ್ವ... ನಮ್ಮವ್ವ ಇದನ್ನೇ ನನಗ ಅಂಗೈ ಮ್ಯಾಲ ಹಾಕಿ ನೆಕ್ಕಸತಿದ್ದಳು," ಎಂದಿತು ಕರಡಿ. ಅರಮನೆಯ ಭಾಷೆ ಎಲ್ಲಿ ಹಾರಿಹೋಯಿತೋ! ಜರಿ ರುಮಾಲನ್ನು ಕಿತ್ತು ಪೊದೆಗೆ ಎಸೆಯಿತು. ಆಮೇಲೆ ಚಟ್ನಿಯ ಎಲೆಯನ್ನು ತಾನೇ ಹಿಡಿದುಕೊಂಡು ಅವರ ಹಿಂದೆ ನಡೆಯಿತು.

ಕೊನೆಗೆ ಕೆರೆ. ನೀರಿನ ತುಂಬ ತಾವರೆ, ಕೆಸರಿನ ತುಂಬ ಗೆಡ್ಡೆ. ದಡದಲ್ಲಿ ಒಂದು ಮೊಸಳೆ, ಉದ್ದ ಎಂದರೆ ತಲೆ ಈ ದಡಕ್ಕೆ, ಬಾಲ ಆ ದಡಕ್ಕೆ.

"ಹಣ್ಣು ತಿಂತೀಯೇನು?" ಎಂದಳು ಹುಲಿಗೆವ್ವ.

"ಬೇಡ."

"ಚಟ್ನಿ?"

"ಬೇಡ. ಒಂಟಿಯಾಗಿ ಬಂದವರನ್ನು ನುಂಗು ಎಂದು ಧವಳಾಂಗನ ಅಪ್ಪಣೆ. ನನಗೆ ಗೊತ್ತಿರುವುದು ಅಷ್ಟೇ."

ಇದಕ್ಕೆ ಮಾತು ನಾಟುವುದಿಲ್ಲ ಎಂದು ಅವಳಿಗೆ ತಿಳಿಯಿತು. ಕರಡಿಗೂ ಮುಳ್ಳುಹಂದಿಗೂ ನೀರೆಂದರೆ ಭಯ, ಎರಡೂ ದಡದಲ್ಲೇ ನಿಂತವು. ಹುಲಿಗೆವ್ವ ಸೀರೆ ಎತ್ತಿಕಟ್ಟಿ ಒಬ್ಬಳೇ ನೀರಿಗಿಳಿದಳು. ಕೆಸರಿಗೆ ಕೈ ಹಾಕಿ ಗೆಡ್ಡೆ ಹಿಡಿಯುವಷ್ಟರಲ್ಲಿ ಮೊಸಳೆ ಅವಳ ಸೆರಗನ್ನು ಕಚ್ಚಿ ಎಳೆಯಿತು. ಅವಳು ಗೆಡ್ಡೆ ಬಿಡಲಿಲ್ಲ. ಮೊಸಳೆ ಸೆರಗು ಬಿಡಲಿಲ್ಲ. ನೀರು ಗಂಟಲಿಗೆ ಬಂತು, ಬಾಯಿಗೆ ಬಂತು.

"ಹೋದಳಲ್ಲೋ!" ಎಂದು ಕರಡಿ ಚೀರಿತು. ಚೀರಿ, ಚಟ್ನಿಯ ಎಲೆಯನ್ನೂ ಹೆದರಿಕೆಯನ್ನೂ ದಡದ ಮೇಲೇ ಬಿಟ್ಟು ಧುಡುಮ್ಮನೆ ಹಾರಿತು. ಅದರ ಬೆನ್ನಿಗೆ ಮುಳ್ಳುಹಂದಿಯೂ ಹಾರಿತು. ಇಬ್ಬರೂ ಹುಲಿಗೆವ್ವನ ಒಂದೊಂದು ತೋಳು ಹಿಡಿದುಕೊಂಡರು.

ಆಗ ನೋಡಿ! ಮೊಸಳೆ ಸೆರಗು ಬಿಟ್ಟು ಬಾಯಿ ಕಳೆಯಿತು. ಅವಳ ಕಡೆ ತಿರುಗಿತು, ಕರಡಿಯ ಕಡೆ ತಿರುಗಿತು, ಮುಳ್ಳುಹಂದಿಯ ಕಡೆ ತಿರುಗಿತು. "ಒಂಟಿ ಯಾರು? ಇದರಲ್ಲಿ ಒಂಟಿ ಯಾರು?" ಎಂದು ಗೋಣು ಆಡಿಸುತ್ತಲೇ ಉಳಿಯಿತು. ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡೇ ಗೆಡ್ಡೆ ಕಿತ್ತರು, ಹಿಡಿದುಕೊಂಡೇ ದಡ ಹತ್ತಿದರು.

ದಡದಲ್ಲಿ ಕೂತು ಗೆಡ್ಡೆ ಸುಟ್ಟು, ಹಣ್ಣು-ಚಟ್ನಿಯ ಜೊತೆ ಮೂವರೂ ಹಂಚಿ ತಿನ್ನುವಾಗ ಹುಲಿಗೆವ್ವ ತೊಡೆ ತಟ್ಟಿಕೊಂಡು ಎದ್ದಳು. "ಎಲಾ ಇವನ! ಇವನ ಮಂತ್ರಕ್ಕ ಒಂದರ ಮುಂದ ಲೆಕ್ಕ ಬರಂಗಿಲ್ಲ! ಒಬ್ಬಾಕಿನ್ನ ಕಟ್ಟಿ ಮ್ಯಾಲ ಕುಂದ್ರಿಸಿ ಊರೆಲ್ಲ ದೂರ ನಿಂತರ, ಅವನಿಗೆ ಇನ್ನೇನ ಬೇಕು? ನಮ್ಮವ್ವನ್ನ ಅವನ ಕೈಯಾಗ ಕೊಟ್ಟಿದ್ದು ನಮ್ಮ ಪದ್ಧತಿನ!"

ಅವರು ಊರು ಸೇರುವಾಗ ಹುಣ್ಣಿಮೆಯ ದಿನವಾಗಿತ್ತು, ಸೂರ್ಯ ನೆತ್ತಿಗೆ ಬರುತ್ತಿದ್ದ. ಊರ ಜನ ಗಾಳೆವ್ವನ ಸೊಂಟಕ್ಕೆ ಹಗ್ಗ ಬಿಗಿದು "ಐಸಾ" ಎಂದು ಎಳೆಯಲು ನಿಂತಿದ್ದರು. ಧವಳಾಂಗ ಮುಂದೆ ನಿಂತಿದ್ದ, ಪಕ್ಕದಲ್ಲಿ ಕಿರೀಟ ಹೊತ್ತ ಜಯಮಲ್ಲ.

"ಹಗ್ಗ ಕೆಳಗ ಇಡ್ರಿ!" ಎಂದಳು ಹುಲಿಗೆವ್ವ. ಕರಡಿಯನ್ನು ಕಂಡು ಜನ ಹಗ್ಗ ಬಿಟ್ಟು ಸರಿದರು. ಅವಳು ಕಟ್ಟೆಯ ಮೇಲೆ ಎಲೆ ಹಾಸಿದಳು. ಹಣ್ಣು ಇಟ್ಟಳು, ಚಟ್ನಿ ಇಟ್ಟಳು, ಕೆಂಡದಲ್ಲಿ ಸುಟ್ಟ ಗೆಡ್ಡೆಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದಿಟ್ಟಳು.

"ಭಲೇ," ಎಂದ ಧವಳಾಂಗ. "ತಿನ್ನು. ಪದ್ಧತಿಯಂತೆ ಒಬ್ಬಳೇ ತಿನ್ನು. ನಾವೆಲ್ಲ ನೋಡುತ್ತೇವೆ." ಜನ ಅಭ್ಯಾಸಬಲದಿಂದ ಹಿಂದಕ್ಕೆ ಸರಿದು ಸಾಲಾಗಿ ನಿಂತರು. ಯಾರೂ ಹೇಳಬೇಕಾಗಿರಲಿಲ್ಲ.

"ಒಲ್ಲೆ," ಎಂದಳು ಹುಲಿಗೆವ್ವ.

ಮೊದಲ ತುತ್ತಿನ ಮನೆಯವರ ಬಾಯಲ್ಲಿ ಆ ಮಾತು ಯಾರೂ ಕೇಳಿರಲಿಲ್ಲ.

"ನಾ ಒಬ್ಬಾಕಿನ ಉಣ್ಣಂಗಿಲ್ಲ. ಇದನ್ನ ನಾನೂ ತಿಂದೀನಿ, ಈ ಕರಡೀನೂ ತಿಂದೈತಿ, ಮುಳ್ಳುಹಂದೀನೂ ತಿಂದೈತಿ, ಮೂವರೂ ಜೀವಂತ ಅದೀವಿ. ವಿಷ ಇರೋದು ಊಟದಾಗ ಅಲ್ಲ, ಇವನ ಮಂತ್ರದಾಗ. ಆ ಮಂತ್ರ ಒಂಟಿ ಇದ್ದವರನ್ನ ಅಷ್ಟ ಹಿಡೀತೈತಿ. ಬರ್ರಿ, ಎಲ್ಲಾರೂ ಕೂಡಿ ಕೈ ಹಾಕ್ರಿ."

"ಅದು ನಿಮ್ಮ ಮನೀ ಕೆಲಸ," ಎಂದಿತು ಸಾಲಿನಿಂದ ಒಂದು ದನಿ. ಕಲ್ಲು ಹೊತ್ತು ಹೊತ್ತು ಗೂನಾದ ಸಾಬಣ್ಣನದು. "ಹೆಚ್ಚುಕಡಿಮಿ ಆದರ?"

"ಆದರ ಏನು? ನಮ್ಮ ಮನ್ಯಾಗ ಆದಾಗ ಏನ ಮಾಡಿದ್ರಿ? ನಮ್ಮ ಸ್ವಾದರಮಾವ ನೀಲಿಯಾಗಿ ಬಿದ್ದಾಗ ಒಂದು ಸೀರಿ ಕೊಟ್ಟು ಹೋದ್ರಿ. ನಮ್ಮವ್ವ ಕಲ್ಲಾದಾಗ ವಿಷ ಅಂದ್ರಿ. ನುಗ್ಗಿಸೊಪ್ಪು ಬೇಕು, ಹುಣಸಿಚಿಗುರು ಬೇಕು, ಸಾಯಾಕ ಮಾತ್ರ ನಾವು ಬೇಕು! ಇವತ್ತಿಗೆ ಮುಗೀತು. ನಮ್ಮ ಮನಿ ತಲೆತಲಾಂತರ ಉಂಡ ಹೆದರಿಕೀನ ಇವತ್ತೊಂದು ದಿನ ನೀವೂ ಒಂದೊಂದು ತುತ್ತು ಉಣ್ರಿ. ಇಲ್ಲಾಂದರ ಹಗ್ಗ ಹಿಡೀರಿ, ನಮ್ಮವ್ವನ ಜೋಡಿ ನನ್ನೂ ಎಳಕೊಂಡು ಹೋಗ್ರಿ!"

ಸಾಲಿನವರು ಒಬ್ಬರ ಬೆನ್ನ ಹಿಂದೆ ಒಬ್ಬರು ಸರಿದರು. ಆಮೇಲೆ ಯಮನವ್ವ ಸಾಲು ದಾಟಿ ಬಂದಳು. ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಮೊದಲ ವಿಷ ಅಂತ ಒದರಿದಾಕಿ ನಾನ," ಎಂದಳು. "ತಪ್ಪಾತವ್ವ." ಒಂದು ಬಿಲ್ಲೆ ಗೆಡ್ಡೆ ಎತ್ತಿ ಬಾಯಿಗಿಟ್ಟಳು.

ಧವಳಾಂಗನ ತುಟಿ ಪಿಟಿಪಿಟಿ ಅಲುಗಿತು. ಯಮನವ್ವನ ಪಾದ ಕಲ್ಲಾಯಿತು. ಮುದುಕಿ "ಯವ್ವಾ!" ಎಂದು ಕೂಗಿದಳು. ಹುಲಿಗೆವ್ವ ಚಟ್ನಿ ಬಾಚಿ ತನ್ನ ಬಾಯಿಗೆ ತುರುಕಿಕೊಂಡು ಮುದುಕಿಯ ಕೈ ಹಿಡಿದಳು. ಮಂತ್ರ ತಬ್ಬಿಬ್ಬಾಯಿತು. ಯಮನವ್ವನ ಪಾದ ಬಿಟ್ಟು ಹುಲಿಗೆವ್ವನ ಪಾದಕ್ಕೆ ಹಾರಿತು, ಅಲ್ಲಿಂದ ಮತ್ತೆ ಯಮನವ್ವನಿಗೆ ಹಾರಿತು, ಎಲ್ಲೂ ನಿಲ್ಲಲಾರದೆ ಕಟ್ಟೆಯ ಸುತ್ತ ಗುಂಯ್‌ಗುಟ್ಟಿತು.

"ನಡೀರಲೇ! ಮುದುಕಿಗಿರೋ ಧೈರ್ಯ ನಮಗ ಇಲ್ಲೇನು?" ಎಂದು ಸಾಬಣ್ಣ ಗೂನುಬೆನ್ನಲ್ಲೇ ಓಡಿಬಂದ. ಅವನ ಹಿಂದೆ ಅವನ ಹೆಂಡತಿ, ಅವಳ ಹಿಂದೆ ಇಡೀ ಸಾಲು. ಕೈ ಮೇಲೆ ಕೈ ಬಿತ್ತು. ಒಬ್ಬರು ಹುಳಿ ಎಂದು ಮುಖ ಕಿವುಚಿದರು, ಒಬ್ಬರು ಖಾರ ಎಂದು ಕುಣಿದರು, ಒಬ್ಬಳು ಕಳ್ಳಿಹಣ್ಣಿನ ಬೀಜ ಉಗುಳುತ್ತಲೇ ಇನ್ನೊಂದಕ್ಕೆ ಕೈ ಚಾಚಿದಳು. ಕಾವಲಿನವರು ಈಟಿ ಕೆಳಗಿಟ್ಟು ಬಂದರು. ಕೊನೆಗೆ ಜಯಮಲ್ಲ ಕಿರೀಟವನ್ನು ಕಂಕುಳಲ್ಲಿ ಇರುಕಿಕೊಂಡು, "ನನಗೂ ಒಂಚೂರು ಉಳಿಸಿರಪ್ಪಾ," ಎನ್ನುತ್ತಾ ನುಗ್ಗಿದ.

ಧವಳಾಂಗನ ಪಕ್ಕದಲ್ಲಿ ಈಗ ಯಾರೂ ಇರಲಿಲ್ಲ. ಮಂತ್ರ ಒಂಟಿಯನ್ನು ಹುಡುಕುತ್ತಾ ಹುಡುಕುತ್ತಾ ಅವನ ಕಡೆಗೇ ತಿರುಗಿತು. ಅವನ ಬಿಳಿ ಪಾದ ಇನ್ನೂ ಬೆಳ್ಳಗಾಗಿ ಗಡಸಾಯಿತು.

ಹುಲಿಗೆವ್ವ ಒಂದು ತುತ್ತು ಹಿಡಿದು ಅವನ ಮುಂದೆ ಬಂದು ನಿಂತಳು. "ಇನ್ನೂ ಹೊತ್ತೈತಿ," ಎಂದಳು. "ಬಾ. ನಮ್ಮ ಜೋಡಿ ಉಣ್ಣು. ಬದುಕತೀದಿ."

ಮೊಣಕಾಲಿನವರೆಗೆ ಕಲ್ಲಾದ ಧವಳಾಂಗ ಆ ತುತ್ತನ್ನು ನೋಡಿದ. ಅದರಲ್ಲಿ ಇರುವೆಯ ಒಂದು ಕಾಲು ಕಾಣುತ್ತಿತ್ತು, ಅದಕ್ಕೆ ಯಮನವ್ವನ ಕೈಯ ಮಣ್ಣೂ ಸ್ವಲ್ಪ ಹತ್ತಿತ್ತು. "ಥೂ! ನಿಮ್ಮ ಎಲೆಯಲ್ಲಿ ನಾನೇ?" ಎಂದು ಮುಖ ತಿರುಗಿಸಿದ. ಆ ತಿರುಗಿದ ಮುಖದಲ್ಲೇ ಕಲ್ಲಾಗಿ ಹೋದ. ಅವನ ಉಂಡೆಗಳು ಹಿಟ್ಟಾಗಿ ಗಾಳಿಯಲ್ಲಿ ತೂರಿಹೋದವು. ಕೋಟೆ ದಬದಬನೆ ಕುಸಿಯಿತು.

ಕಟ್ಟೆಯ ಮೇಲೆ ಗಾಳೆವ್ವನ ಎತ್ತಿದ ಕೈ ಮೆಲ್ಲಗೆ ಕೆಳಗಿಳಿಯಿತು. ಕೆನ್ನೆಗೆ ಬಣ್ಣ ಬಂತು. ಕಣ್ಣು ಪಿಳಿಪಿಳಿ ಮಾಡಿ, ನಿದ್ದೆಗಣ್ಣಲ್ಲಿ ಕೇಳುವವಳಂತೆ ಅವಳು ಕೇಳಿದಳು, "ಸಂಜಿ ಆತೇನ ಮಗಳ? ನಾ ಇನ್ನ ಇಳೀಲೇನು?"

ಹುಲಿಗೆವ್ವ ಅವಳನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಯಮನವ್ವ ಅತ್ತಳು, ಸಾಬಣ್ಣ ಅತ್ತ, ಕರಡಿಯಂತೂ ರಂಪವನ್ನೇ ಮಾಡಿತು.

ಅಂದಿನಿಂದ ಆ ನಾಡಿನಲ್ಲಿ ಹೊಸ ತಿನಿಸು ಸಿಕ್ಕರೆ ಮನೆಗೊಬ್ಬರು ಬಂದು, ಉಗುರಿನಷ್ಟು ಉಗುರಿನಷ್ಟು ಹರಿದುಕೊಂಡು ಒಟ್ಟಿಗೇ ನಾಲಿಗೆಗಿಡುತ್ತಿದ್ದರು. ಹೊಟ್ಟೆ ನೋವು ಬಂದರೆ ಊರಿಗೆಲ್ಲ ಬರುತ್ತಿತ್ತು, ಬೈಗುಳವೂ ಊರಿಗೆಲ್ಲ ಸಮನಾಗಿ ಹಂಚಿಹೋಗುತ್ತಿತ್ತು. ಕರಿಗಲ್ಲ ನಾಡಿನವರು ಹಾಗೆಯೇ ತಿಂದು, ತಿನ್ನಿಸಿ, ಜಗಳವಾಡಿ, ನಕ್ಕು ಬಹುಕಾಲ ಸುಖವಾಗಿ ಬಾಳಿದರು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಕಟ್ಟೆಯ ಮೇಲೆ, ಅವ್ವ ಕೇಳಿದ ಪ್ರಶ್ನೆಗೆ ಮಗಳು ಇನ್ನೂ ಉತ್ತರ ಕೊಟ್ಟಿರಲಿಲ್ಲ. ಅವಳು ಕಣ್ಣೊರೆಸಿಕೊಂಡು, ಜನರನ್ನು ಅತ್ತಿತ್ತ ಸರಿಸಿ, ಎಲೆಯ ಮುಂದೆ ಅವ್ವನಿಗೆ ಜಾಗ ಮಾಡಿದಳು.

"ಸಂಜೀತನಕ ಕಾಯೂದೇನೂ ಬ್ಯಾಡವ್ವ," ಎಂದಳು. "ಈ ಸರ್ತಿ ನೀ ಎಲ್ಲಾರಕಿಂತ ಕಡೀಕ ಉಣ್ಣು."